ಆಟಕ್ಕೊಂದು ಹಿಮ್ಮೇಳ

ನಮ್ಮ ಕಡೆ 'ಇವತ್ತು ಆಟ ಉಂಟು' ಎಂದರೆ ಅದು ಬಯಲಾಟವೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಿಮ್ಮೇಳವಿಲ್ಲದ ಆಟವನ್ನು ನಾವು ಊಹಿಸಲಾರೆವು. ಭಾಗವತರ ಪದವಿಲ್ಲದೆ, ಚೆಂಡೆ ಮದ್ದಳೆಗಳ ನುಡಿತವಿಲ್ಲದೆ ವೇಷಧಾರಿ ರಂಗಕ್ಕೆ ಬಂದು ಕುಣಿದರೆ ಅದು ಬರಿಯ ಕೈಕಾಲು ಬಡಿತವಾದೀತು. ಈಗ ಮನೆಯ ಮಕ್ಕಳ ಬಾಯಲ್ಲಿ ಆಟವೆಂಬ ಮಾತಿಗೆ ಇನ್ನೊಂದು ಅರ್ಥ ಬಂದಿದೆ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ವೀಡಿಯೋ ಆಟ. ಅದಕ್ಕೂ ಒಂದು ಹಿಮ್ಮೇಳ ಉಂಟು. ಜಗಲಿಯಲ್ಲಿ ಕುಳಿತ ಹಿರಿಯರಿಗೆ ಅದು ಬರೇ ಕಿರಿಕಿರಿ. 'ಆ ಸದ್ದೊಂದು ನಿಲ್ಲಿಸು ಮಾರಾಯ' ಎನ್ನುತ್ತಾರೆ. ಸದ್ದು ನಿಂತೊಡನೆ ಆಟದ ಅರ್ಧ ಜೀವವೇ ಹೋಯಿತೆಂದು ಹುಡುಗ ಮುಖ ಸಣ್ಣದು ಮಾಡುತ್ತಾನೆ.

ಹುಡುಗನ ದೂರಿನಲ್ಲಿ ಹುರುಳಿಲ್ಲದಿಲ್ಲ. ವೀಡಿಯೋ ಆಟದ ಸಂಗೀತವು ಅಂದಕ್ಕಾಗಿ ಅಂಟಿಸಿದ ಬಣ್ಣದ ಕಾಗದವಲ್ಲ. ಆಡುವವನ ಕೈಯನ್ನೂ ಮನಸ್ಸನ್ನೂ ನಡೆಸುವ ಶಕ್ತಿ ಅದಕ್ಕಿದೆ. ಆದುದರಿಂದಲೇ ಹಿರಿಯರು ಅದನ್ನು ಗದರಿ ನಿಲ್ಲಿಸುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳುವುದು ಒಳ್ಳೆಯದು.

ನಾಲ್ಕು ಸ್ವರಗಳ ಮೋಡಿ

1978ರಲ್ಲಿ ಜಪಾನಿನ ಟೈಟೊ ಕಂಪೆನಿಯು 'ಸ್ಪೇಸ್ ಇನ್ವೇಡರ್ಸ್' ಎಂಬ ಆಟವನ್ನು ಹೊರತಂದಿತು. ರಚಿಸಿದವರು ತೊಮೊಹಿರೊ ನಿಶಿಕಾಡೊ. ಸಾಲಿಗೆ 11ರಂತೆ ಐದು ಸಾಲುಗಳಲ್ಲಿ 55 ಮಂದಿ ಅನ್ಯಲೋಕದ ಶತ್ರುಗಳು ಮೇಲಿನಿಂದ ಇಳಿದು ಬರುತ್ತಾರೆ. ಕೆಳಗಿನಿಂದ ಗುಂಡಿಟ್ಟು ಅವರನ್ನು ಉರುಳಿಸಬೇಕು. ಇದಕ್ಕಿದ್ದ ಸಂಗೀತವೆಂದರೆ ಮೇಲಿನಿಂದ ಕೆಳಕ್ಕಿಳಿಯುವ ನಾಲ್ಕೇ ನಾಲ್ಕು ಸ್ವರಗಳು. ಅವೇ ಮತ್ತೆ ಮತ್ತೆ, ಎದೆಬಡಿತದಂತೆ.

ಶತ್ರುಗಳು ಕಡಿಮೆಯಾದಂತೆ ಉಳಿದವರ ಓಟ ಚುರುಕಾಗುತ್ತದೆ. ಅಂದಿನ ದುರ್ಬಲ ಯಂತ್ರಕ್ಕೆ 55 ಚಿತ್ರಗಳನ್ನು ಒಟ್ಟಿಗೆ ಬಿಡಿಸುವುದು ಕಷ್ಟವಾಗಿತ್ತು. ಚಿತ್ರಗಳು ಕಡಿಮೆಯಾದಂತೆ ಹೊರೆ ಇಳಿದು ವೇಗ ತಾನಾಗಿ ಹೆಚ್ಚುತ್ತಿತ್ತು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಶತ್ರುಗಳ ಜತೆಗೆ ಸ್ವರಗಳೂ ಓಡತೊಡಗಿದವು. ಆಡುವವನ ಬೆರಳೂ ಅದರ ಬೆನ್ನಿಗೇ ಓಡಿತು. 'ಅಪಾಯ ಹತ್ತಿರ ಬಂತು' ಎಂಬ ಮಾತನ್ನು ನಾಲ್ಕು ಸ್ವರಗಳು ಯಾವ ಭಾಷೆಯ ನೆರವೂ ಇಲ್ಲದೆ ಹೇಳಿಬಿಟ್ಟವು.

ಸಿನಿಮಾ ಸಂಗೀತವಲ್ಲ

ಸಿನಿಮಾಕ್ಕೆ ಸಂಗೀತ ಕೂಡಿಸುವವನಿಗೆ ಒಂದು ಅನುಕೂಲವಿದೆ. ನಾಯಕನು ಬಾಗಿಲು ತೆರೆಯುವುದು ಎಷ್ಟನೆಯ ಸೆಕೆಂಡಿಗೆ ಎಂಬುದು ಅವನಿಗೆ ಮೊದಲೇ ಗೊತ್ತು. ಇಂದು ನೋಡಿದರೂ ನಾಳೆ ನೋಡಿದರೂ ಅದು ಬದಲಾಗದು. ವೀಡಿಯೋ ಆಟದಲ್ಲಿ ಹಾಗಲ್ಲ. ಒಬ್ಬಳು ಆ ಬಾಗಿಲನ್ನು ಎರಡು ನಿಮಿಷದಲ್ಲಿ ತಲಪಿಯಾಳು. ಇನ್ನೊಬ್ಬಳು ಅರ್ಧ ಗಂಟೆ ದಾರಿ ತಪ್ಪಿ ಅಲೆದಾಳು. ಮತ್ತೊಬ್ಬಳು ಆಟವನ್ನು ಅಲ್ಲಿಗೇ ಬಿಟ್ಟು ಊಟಕ್ಕೆ ಎದ್ದಾಳು. ಸಂಗೀತವು ಇವರೆಲ್ಲರಿಗೂ ಕಾಯಬೇಕು. ಕಾಯುತ್ತಿದ್ದೇನೆಂದು ತೋರಗೊಡಲೂ ಬಾರದು.

ಯಕ್ಷಗಾನವನ್ನು ಬಲ್ಲವರಿಗೆ ಇದು ಹೊಸತಲ್ಲ. ವೇಷಧಾರಿ ಕುಣಿತವನ್ನು ಬೆಳೆಸಿದರೆ ಭಾಗವತರು ಪದದ ಸಾಲನ್ನು ಮತ್ತೊಮ್ಮೆ ಎತ್ತುತ್ತಾರೆ. ಅವನ ಸೂಚನೆ ಸಿಕ್ಕಿದೊಡನೆ ತಾಳ ಮುಕ್ತಾಯಕ್ಕೆ ಬರುತ್ತದೆ. ಭಾಗವತರ ಕಣ್ಣು ಸದಾ ರಂಗದ ಮೇಲಿರುತ್ತದೆ. ಈ ಕಣ್ಣನ್ನು ಯಂತ್ರಕ್ಕೆ ಕೊಡಲು ಅಮೆರಿಕದಲ್ಲಿ ಇಬ್ಬರು ಯತ್ನಿಸಿದರು. ಲೂಕಾಸ್‌ಆರ್ಟ್ಸ್ ಕಂಪೆನಿಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಎಂಬವರು 'ಐಮ್ಯೂಸ್' ಎಂಬ ವ್ಯವಸ್ಥೆಯನ್ನು ರೂಪಿಸಿ 1991ರ 'ಮಂಕಿ ಐಲೆಂಡ್' ಎರಡನೆಯ ಆಟದಲ್ಲಿ ಬಳಸಿದರು. ಅದರಲ್ಲಿ ಕಡಲ್ಗಳ್ಳರ ಒಂದು ಊರಿದೆ. ಬೀದಿಯಲ್ಲಿ ಒಂದು ರಾಗ. ಒಂದು ಮನೆಯನ್ನು ಹೊಕ್ಕರೆ ಅದೇ ರಾಗಕ್ಕೆ ಬೇರೆ ವಾದ್ಯ, ಬೇರೆ ನಡೆ. ಹೊರಬಂದರೆ ಮತ್ತೆ ಬೀದಿಯ ರಾಗ. ಹೊಕ್ಕಾಗಲಾಗಲಿ ಹೊರಟಾಗಲಾಗಲಿ ನಡುವೆ ಎಲ್ಲಿಯೂ ಕಡಿದಂತಾಗುವುದಿಲ್ಲ. ಆಡುವವನ ಹೆಜ್ಜೆಯನ್ನು ನೋಡಿಕೊಂಡು ನುಡಿಸುವ ಹಿಮ್ಮೇಳವೊಂದು ಯಂತ್ರದೊಳಗೆ ಬಂದು ಕುಳಿತಿತು.

ಬಡತನದಲ್ಲಿ ಬೆಳೆದ ಕಲೆ

ಇಂದು ದೊಡ್ಡ ಆಟಗಳಿಗೆ ವಾದ್ಯವೃಂದವೇ ನುಡಿಸುತ್ತದೆ. ಮೊದಲು ಅಂತಹ ಸಿರಿ ಇರಲಿಲ್ಲ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ಮಾರುಕಟ್ಟೆಗೆ ತಂದ 'ಫ್ಯಾಮಿಕಾಮ್' ಯಂತ್ರಕ್ಕೆ ಒಟ್ಟು ಐದು ಧ್ವನಿಗಳು. ಎರಡು ರಾಗಕ್ಕೆ, ಒಂದು ಮಂದ್ರಕ್ಕೆ, ಒಂದು ತಾಳದ ಸದ್ದಿಗೆ, ಉಳಿದೊಂದು ಮುದ್ರಿಸಿಟ್ಟ ಚಿಕ್ಕ ತುಣುಕುಗಳಿಗೆ. ಕೋಜಿ ಕೊಂಡೊ ಎಂಬ ಯುವಕ ಈ ಯಂತ್ರಕ್ಕಾಗಿ 1985ರ 'ಸೂಪರ್ ಮಾರಿಯೊ ಬ್ರದರ್ಸ್' ಆಟದ ಸಂಗೀತವನ್ನು ಕಟ್ಟಿದರು. ಚಿತ್ರ, ಸಂಗೀತ, ಆಟದ ನಿಯಮಗಳೆಲ್ಲ ಸೇರಿ ಆ ಇಡೀ ಆಟದ ಗಾತ್ರ 40 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಅದರ ಹಲವು ಪಟ್ಟು ಜಾಗವನ್ನು ನುಂಗುತ್ತದೆ.

ಆ ಇಕ್ಕಟ್ಟಿನಲ್ಲಿಯೂ ಕೊಂಡೊ ಏನೆಲ್ಲ ಮಾಡಿದರು ನೋಡಿ. ನೆಲದ ಮೇಲೆ ಓಡುವಾಗ ಓಟಕ್ಕೂ ನೆಗೆತಕ್ಕೂ ಒಪ್ಪುವ ಕುಣಿತದ ರಾಗ. ನೀರಿನೊಳಗೆ ಈಜುವಾಗ ಮೂರು ಮಾತ್ರೆಯ ತೂಗುನಡೆ. ನೆಲಮಾಳಿಗೆಯಲ್ಲಿ ಕೆಲವೇ ಸ್ವರ, ನಡುವೆ ಮೌನ. ನಿಗದಿಯಾದ ಸಮಯದಲ್ಲಿ ನೂರರ ಎಣಿಕೆಯಷ್ಟೇ ಉಳಿದಾಗ ಒಂದು ಎಚ್ಚರಿಕೆಯ ನಾದ ಮೊಳಗಿ ಅದೇ ರಾಗ ದುಡಿಯಲ್ಲಿ ಸಾಗುತ್ತದೆ. ಗಡಿಯಾರದತ್ತ ಕಣ್ಣು ಹಾಯಿಸಬೇಕಾಗಿಲ್ಲ, ಕಿವಿಯೇ ಗಡಿಯಾರ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಈ ರಾಗವನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ವೀಡಿಯೋ ಆಟದ ಸಂಗೀತಕ್ಕೆ ಆ ಮನ್ನಣೆ ಸಂದುದು ಅದೇ ಮೊದಲು.

ಸದ್ದಿಲ್ಲದಿರುವುದೂ ಸಂಗೀತದ ಒಂದು ಭಾಗವೇ. 2005ರ 'ಶ್ಯಾಡೊ ಆಫ್ ದ ಕೊಲೊಸಸ್' ಎಂಬ ಆಟದಲ್ಲಿ ನಾಯಕ ಕುದುರೆಯೇರಿ ಬರಿದಾದ ಬಯಲುಗಳಲ್ಲಿ ಅಲೆಯುವಾಗ ರಾಗವಿಲ್ಲ. ಗಾಳಿ, ಗೊರಸಿನ ಸದ್ದು ಇಷ್ಟೇ. ಬೆಟ್ಟದಂತಹ ದೈತ್ಯನು ಎದುರಾದಾಗ ಮಾತ್ರ ಕೋ ಒಟಾನಿಯವರ ವಾದ್ಯವೃಂದ ಎದ್ದು ನಿಲ್ಲುತ್ತದೆ. ಅಷ್ಟು ಹೊತ್ತಿನ ಮೌನವೇ ಆ ಸಂಗೀತಕ್ಕೆ ತೂಕ ಕೊಡುವುದು.

ಗಡಿ ದಾಟಿದ ಹಾಡುಗಳು

ರಷ್ಯದಲ್ಲಿ 'ಕೊರೊಬೈನಿಕಿ' ಎಂಬ ಹಳೆಯ ಜನಪ್ರಿಯ ಹಾಡಿದೆ. ಕವಿ ನೆಕ್ರಾಸೊವ್ 1861ರಲ್ಲಿ ಪ್ರಕಟಿಸಿದ ಕವನವೊಂದರಿಂದ ಹುಟ್ಟಿದ್ದು. ಊರೂರು ತಿರುಗಿ ಸಾಮಾನು ಮಾರುವವನ ಕಥೆ. ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ 'ಟೆಟ್ರಿಸ್' ಎಂಬ ಆಟವನ್ನು ರಚಿಸಿದರು. ಮೇಲಿನಿಂದ ಬೀಳುವ ತುಂಡುಗಳನ್ನು ಎಡೆ ಬಿಡದಂತೆ ಜೋಡಿಸುವ ಆಟ. 1989ರಲ್ಲಿ ಅದು ನಿಂಟೆಂಡೊದ ಕೈಯಂತ್ರ 'ಗೇಮ್ ಬಾಯ್'ಗೆ ಬಂದಾಗ ಹಿರೊಕಾಜು ತನಾಕಾ ಎಂಬವರು ಈ ರಷ್ಯನ್ ಧಾಟಿಯನ್ನೇ ಅದಕ್ಕೆ ಹೊಂದಿಸಿದರು. ರಷ್ಯನ್ ಭಾಷೆಯ ಒಂದಕ್ಷರ ಅರಿಯದ ಕೋಟ್ಯಂತರ ಮಂದಿಗೆ ಆ ಧಾಟಿ ಇಂದು ಬಾಯಿಪಾಠ. ತಲೆಹೊರೆ ವ್ಯಾಪಾರಿಯ ಹಾಡು ಜಗತ್ತನ್ನು ಸುತ್ತಿಬಂದುದು ಒಂದು ಆಟದ ಹೆಗಲೇರಿ.

2005ರ 'ಸಿವಿಲೈಸೇಷನ್' ನಾಲ್ಕನೆಯ ಆಟಕ್ಕೆ ಕ್ರಿಸ್ಟೋಫರ್ ಟಿನ್ ರಚಿಸಿದ 'ಬಾಬಾ ಯೆಟು' ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿದೆ. 2011ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ದೊರಕಿತು. ಆಟಕ್ಕಾಗಿ ಹುಟ್ಟಿದ ಸಂಗೀತಕ್ಕೆ ಅದೇ ಮೊದಲ ಗ್ರ್ಯಾಮಿ. 2021ರ ಟೋಕಿಯೊ ಒಲಿಂಪಿಕ್ಸಿನ ಆರಂಭದ ದಿನ ನಾನಾ ದೇಶಗಳ ಕ್ರೀಡಾಪಟುಗಳು ಮೈದಾನಕ್ಕೆ ನಡೆದು ಬಂದುದು ವೀಡಿಯೋ ಆಟಗಳ ಸಂಗೀತಕ್ಕೆ. 2023ರಿಂದ ಗ್ರ್ಯಾಮಿಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಮರುಳು ಮಾಡುವ ನಾದ

ಕೈಯನ್ನು ನಡೆಸಬಲ್ಲ ಸಂಗೀತವು ಕೈಯನ್ನು ದಾರಿ ತಪ್ಪಿಸಲೂ ಬಲ್ಲದು. ಕ್ಯಾಸಿನೋಗಳ ಜೂಜಿನ ಯಂತ್ರಗಳನ್ನೇ ನೋಡಿ. ನೂರು ಹೂಡಿದವನಿಗೆ ಮೂವತ್ತು ಹಿಂದಿರುಗಿದರೂ ಅಲ್ಲಿ ಗೆಲುವಿನ ಗಂಟೆ ಮೊಳಗುವುದುಂಟು. ಎಪ್ಪತ್ತು ಕಳಕೊಂಡವನ ಕಿವಿಗೆ 'ಗೆದ್ದೆ' ಎಂದು ಕೇಳಿಸುತ್ತದೆ. ಮೊಬೈಲಿನ ಪುಕ್ಕಟೆ ಆಟಗಳಲ್ಲಿ ಕೂಡ ನಾಣ್ಯ ಉದುರುವ ಕಿಣಿಕಿಣಿ, ಪೆಟ್ಟಿಗೆ ತೆರೆಯುವಾಗಿನ ತುತ್ತೂರಿ ಇವುಗಳಲ್ಲಿ ಹಲವು ಇದೇ ಮನೆತನದವು. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ನಮ್ಮ ಸಂಸತ್ತು 2025ರಲ್ಲಿ ಕಾಯಿದೆ ಮಾಡಿತು. ಆದರೆ ಮಗುವಿನ ಕಿವಿಗೆ ಬೀಳುವ ಪ್ರತಿಯೊಂದು ನಾದವನ್ನೂ ಕಾಯಿದೆ ಕಾಯಲಾರದು. ಅದು ಮನೆಯವರು ಮಾಡಬೇಕಾದ ಕೆಲಸ.

ಆದುದರಿಂದ ತಂದೆತಾಯಂದಿರು ಒಂದು ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು 'ಈ ರಾಗ ಈಗ ಏಕೆ ಬದಲಾಯಿತು?' ಎಂದು ಕೇಳಲಿ. ಮಗು ಉತ್ಸಾಹದಿಂದ ವಿವರಿಸೀತು. ಎಚ್ಚರಿಸುವ ಸಂಗೀತ ಯಾವುದು, ಆಸೆ ಹುಟ್ಟಿಸಿ ಕಿಸೆಗೆ ಕೈಹಾಕುವ ಸದ್ದು ಯಾವುದು ಎಂಬ ವಿವೇಚನೆ ಇಂತಹ ಮಾತುಕತೆಯಿಂದ ಬಂದಷ್ಟು ಗದರಿಕೆಯಿಂದ ಬಾರದು.

ಇನ್ನೊಂದು ಮಾತು. ಪುಣೆಯ ತರುಣರು ನಮ್ಮ ಪುರಾಣಲೋಕವನ್ನು ಆಧರಿಸಿ 2020ರಲ್ಲಿ 'ರಾಜಿ' ಎಂಬ ಆಟವನ್ನು ಹೊರತಂದರು. ಅದಕ್ಕೆ ಸಂಗೀತ ಕೊಟ್ಟವರು ಗ್ರೀಸ್ ದೇಶದ ಲಿನೊಸ್ ಜೆಲೊಸ್. ಅದರಲ್ಲಿ ತಪ್ಪೇನಿಲ್ಲ, ರಷ್ಯದ ಹಾಡನ್ನು ಜಪಾನಿನವರು ನುಡಿಸಲಿಲ್ಲವೇ? ಆದರೆ ರಂಗವನ್ನು ನೋಡಿಕೊಂಡು ನುಡಿಸುವ ವಿದ್ಯೆ ನಮ್ಮ ಹಿಮ್ಮೇಳಕ್ಕೆ ಹೊಸತಾಗಿ ಕಲಿಯಬೇಕಾದ ವಿದ್ಯೆಯಲ್ಲ. ಚೆಂಡೆ ಮದ್ದಳೆಗಳ ಪೆಟ್ಟು ಕೇಳುತ್ತ ಬೆಳೆದ ನಮ್ಮ ಮಕ್ಕಳಲ್ಲಿ ಕಂಪ್ಯೂಟರ್ ಕಲಿತವರು ಈಗ ಮನೆಮನೆಯಲ್ಲೂ ಇದ್ದಾರೆ. ಎರಡನ್ನೂ ಕೂಡಿಸಿ ನೋಡಬಾರದೇಕೆ?