ಬಾವಿಗೋಡೆಯ ಮೇಲಿನ ಗೀಚು

1923ರ ಸೆಪ್ಟೆಂಬರ್ 1. ಮಧ್ಯಾಹ್ನ 12 ಗಂಟೆಗೆ ಇನ್ನೆರಡು ನಿಮಿಷ ಇತ್ತು. ಟೋಕಿಯೊ, ಯೊಕೊಹಾಮಾದ ಮನೆಗಳಲ್ಲಿ ಅಡುಗೆ ಒಲೆಗಳು ಉರಿಯುತ್ತಿದ್ದ ಹೊತ್ತಿಗೇ ನೆಲ ನಡುಗಿತು. ಉರುಳಿದ ಮರದ ಮನೆಗಳಿಗೆ ಬೆಂಕಿ ಹತ್ತಿಕೊಂಡಿತು. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು.

ಬೆಂಕಿ ಆರುವ ಮೊದಲೇ ಗಾಳಿಸುದ್ದಿ ಹಬ್ಬಿತು: ಕೊರಿಯನ್ನರು ಬೆಂಕಿ ಇಡುತ್ತಿದ್ದಾರೆ, ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ.

ಮುಂದೆ ಜಗದ್ವಿಖ್ಯಾತ ಚಿತ್ರ ನಿರ್ದೇಶಕರಾದ ಅಕಿರಾ ಕುರೊಸಾವಾ ಆಗ 13 ವರ್ಷದ ಹುಡುಗ. ಕೇರಿಯ ಬಾವಿಯೊಂದರ ನೀರು ಮುಟ್ಟಬೇಡಿ ಎಂದು ಹಿರಿಯರು ತಾಕೀತು ಮಾಡಿದ್ದನ್ನು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಬಾವಿಯ ಸುತ್ತಲಿನ ಗೋಡೆಯ ಮೇಲೆ ಸೀಮೆಸುಣ್ಣದ ವಿಚಿತ್ರ ಗುರುತುಗಳಿದ್ದವು. ವಿಷ ಹಾಕಿದವರ ಸಂಕೇತವೇ ಅದು ಎಂದು ಎಲ್ಲರೂ ನಂಬಿದ್ದರು. ಹುಡುಗ ದಂಗಾದ. ಅದು ಅವನೇ ಗೀಚಿದ್ದು! ಉದ್ದ ಗಡ್ಡ ಬಿಟ್ಟಿದ್ದ ತಪ್ಪಿಗೆ ಅವನ ತಂದೆಯನ್ನೂ ದೊಣ್ಣೆ ಹಿಡಿದ ಗುಂಪು ಸುತ್ತುವರಿದಿತ್ತು.

ಕತ್ತಿ, ಬಿದಿರಿನ ಈಟಿ ಹಿಡಿದ ಕಾವಲು ಪಡೆಗಳು ದಾರಿಹೋಕರನ್ನು ತಡೆದು ‘15 ಯೆನ್ 50 ಸೆನ್’ ಎಂದು ಜಪಾನಿಯಲ್ಲಿ ಹೇಳಿಸುತ್ತಿದ್ದವು. ನಾಲಿಗೆ ತೊಡರಿದವರು ಉಳಿಯಲಿಲ್ಲ. ಫುಕುಡಾ ಹಳ್ಳಿಯಲ್ಲಿ ದೂರದ ಕಾಗಾವಾ ಪ್ರಾಂತದಿಂದ ಬಂದಿದ್ದ ವ್ಯಾಪಾರಿ ತಂಡದ 9 ಮಂದಿ ಸತ್ತರು. ಅವರು ಜಪಾನೀಯರೇ, ಮಾತಿನ ಧಾಟಿಯಷ್ಟೇ ಬೇರೆಯಿತ್ತು. ಕೊಲೆಯಾದ ಕೊರಿಯನ್ನರು ಸುಮಾರು 6,000 ಎಂಬ ಅಂದಾಜಿದೆ. ಸುಳ್ಳನ್ನು ಅಳಿಸಬೇಕಿದ್ದ ಗೃಹ ಇಲಾಖೆಯೇ ನೌಕಾಪಡೆಯ ನಿಸ್ತಂತು ಕೇಂದ್ರದಿಂದ ಅದನ್ನು ಪ್ರಾಂತಗಳಿಗೆ ರವಾನಿಸಿತು.

ಕೊರಿಯನ್ನರೇ ಏಕೆ? ಬಡ ಕೂಲಿಗಳು, ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದವರು ಎಂಬುದಷ್ಟೇ ಉತ್ತರವಲ್ಲ. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತ್ತು. 1919ರ ಮಾರ್ಚ್‌ನಲ್ಲಿ ಸ್ವಾತಂತ್ರ್ಯ ಕೇಳಿ ಬೀದಿಗಿಳಿದವರನ್ನು ನಿರ್ದಯವಾಗಿ ಹೊಸಕಿ ಹಾಕಿತ್ತು. ತುಳಿದವರಿಗೆ ತುಳಿಸಿಕೊಂಡವರ ಸೇಡಿನ ಭಯ ಒಳಗೇ ಇರುತ್ತದೆ. ಯಾರಾದರೂ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಳ್ಳುವ ಮನಸ್ಸು ಅದು. ಭೂಕಂಪದ ಮೇಲೆ ಸಿಟ್ಟು ತೀರಿಸಿಕೊಳ್ಳಲಾಗದು. ಆ ಭಯಕ್ಕೆ ಮಾತ್ರ ಒಂದು ಮುಖ ಸಿದ್ಧವಾಗಿತ್ತು.

ಎಲ್ಲರೂ ಗುಂಪಿನ ಜೊತೆ ಹೋಗಲಿಲ್ಲ. ತ್ಸುರುಮಿಯ ಪೊಲೀಸ್ ಮುಖ್ಯಸ್ಥ ಒಕಾವಾ ತ್ಸುನೆಕಿಚಿ ಸುಮಾರು 300 ಮಂದಿಗೆ ಠಾಣೆಯಲ್ಲಿ ಆಶ್ರಯ ಕೊಟ್ಟು, ಮುತ್ತಿದ ಜನರ ಎದುರು ನಿಂತರು. ಸಾಮೂಹಿಕ ಪಾಪವೆಂದು ಎಲ್ಲರಿಗೂ ಸಮನಾಗಿ ಹಂಚಿಬಿಟ್ಟರೆ ಕೊಂದವನೂ ತಡೆದವನೂ ಒಂದೇ ಆಗಿಬಿಡುತ್ತಾರೆ.

ಟೋಕಿಯೊದ ಯೊಕೊಅಮಿಚೊ ಉದ್ಯಾನದಲ್ಲಿ 1973ರಿಂದ ಈ ಕೊರಿಯನ್ನರ ಸ್ಮಾರಕವಿದೆ. ಪ್ರತಿ ಸೆಪ್ಟೆಂಬರ್ 1ರಂದು ಅಲ್ಲಿ ಸ್ಮರಣೆ ನಡೆಯುತ್ತದೆ. 2017ರಲ್ಲಿ ಗವರ್ನರ್ ಯುರಿಕೊ ಕೊಯಿಕೆ ಅದಕ್ಕೆ ಸಂತಾಪ ಸಂದೇಶ ಕಳಿಸುವುದನ್ನು ನಿಲ್ಲಿಸಿದರು. ದುರಂತದಲ್ಲಿ ಮಡಿದ ಎಲ್ಲರಿಗೂ ಒಟ್ಟಾಗಿ ನಮಿಸುತ್ತೇನೆ ಎಂಬುದು ಅವರ ವಿವರಣೆ. ಆದರೆ ಈ ಜನರನ್ನು ಕೊಂದದ್ದು ಭೂಕಂಪವಲ್ಲ.