ಬ್ರಿಟನ್: ಬಾಡಿಗೆಗೊಂದು ಅರ್ಜಿ, ತೆರಿಗೆಗೆ ಇನ್ನೊಂದು

ಇಂಗ್ಲೆಂಡಿನಲ್ಲಿ ಬಾಡಿಗೆದಾರರೂ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಗೆ ಕೌನ್ಸಿಲ್ ತೆರಿಗೆ ಪಾವತಿಸಬೇಕು. 1991ರ ಏಪ್ರಿಲ್ ತಿಂಗಳ ಮೌಲ್ಯದಂತೆ ಮನೆಗಳನ್ನು 8 ಶ್ರೇಣಿಗಳಾಗಿ ವಿಂಗಡಿಸಿ ಇದನ್ನು ವಿಧಿಸಲಾಗುತ್ತದೆ. ಅಲ್ಪ ಆದಾಯದವರಿಗೆ ಬಾಡಿಗೆ, ತೆರಿಗೆ ಎರಡರಲ್ಲೂ ನೆರವುಂಟು. ಆದರೆ ಅರ್ಜಿಯ ಮಾರ್ಗಗಳು ಬೇರೆ.

ದುಡಿಯುವ ವಯಸ್ಸಿನವರು ಬಾಡಿಗೆಯ ನೆರವನ್ನು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಯುನಿವರ್ಸಲ್ ಕ್ರೆಡಿಟ್ ಮೂಲಕ ಪಡೆಯುತ್ತಾರೆ. ಪಿಂಚಣಿ ವಯಸ್ಸಿನವರಿಗೆ ಕೌನ್ಸಿಲ್ ನೀಡುವ ಹೌಸಿಂಗ್ ಬೆನಿಫಿಟ್ ಇದೆ.

ಯುನಿವರ್ಸಲ್ ಕ್ರೆಡಿಟ್‌ನಲ್ಲಿ ಕೌನ್ಸಿಲ್ ತೆರಿಗೆಯ ನೆರವು ಸೇರಿಲ್ಲ. ಎಲ್ಲವೂ ಒಂದೇ ಅರ್ಜಿಯಲ್ಲಿ ಮುಗಿಯಿತೆಂದು ಭಾವಿಸಿದವರ ಮೇಲೆ ಬಾಕಿಯ ಹೊರೆ ಬೀಳುವುದು ಇಲ್ಲಿಯೇ. 2013ರ ಏಪ್ರಿಲ್‌ನಲ್ಲಿ ಕೌನ್ಸಿಲ್ ತೆರಿಗೆ ಬೆನಿಫಿಟ್ ರದ್ದಾದ ನಂತರ, ದುಡಿಯುವ ವಯಸ್ಸಿನವರ ರಿಯಾಯಿತಿಯ ನಿಯಮಗಳನ್ನು ಇಂಗ್ಲೆಂಡಿನ ಆಯಾ ಕೌನ್ಸಿಲ್‌ಗಳೇ ರೂಪಿಸುತ್ತವೆ. ಹೀಗಾಗಿ ಒಂದೇ ಆದಾಯದ ಎರಡು ಕುಟುಂಬಗಳಿಗೆ ಎರಡು ಊರುಗಳಲ್ಲಿ ಬೇರೆ ಬೇರೆ ಮೊತ್ತ ದೊರೆಯಬಹುದು. ಪಿಂಚಣಿದಾರರಿಗೆ ಮಾತ್ರ ದೇಶವ್ಯಾಪಿ ನಿಯಮ ಅನ್ವಯಿಸುತ್ತದೆ.

ಗುರುತಿನ ಪುರಾವೆ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ವೇತನ ಚೀಟಿ, ಬ್ಯಾಂಕ್ ವಿವರ, ಬಾಡಿಗೆ ಕರಾರುಗಳನ್ನು ಸಿದ್ಧವಾಗಿಟ್ಟುಕೊಂಡು ತಡಮಾಡದೆ ಅರ್ಜಿ ಸಲ್ಲಿಸುವುದು ಒಳಿತು. ಅರ್ಜಿ ಹಾಕಿದ ಮಾತ್ರಕ್ಕೆ ಕಂತು ನಿಲ್ಲಿಸುವಂತಿಲ್ಲ. ಬಾಕಿ ಉಳಿದರೆ ಕೌನ್ಸಿಲ್ ನ್ಯಾಯಾಲಯದ ಮೊರೆ ಹೋಗಬಹುದು.

ಉದ್ಯೋಗ ಅಥವಾ ವಿದ್ಯಾರ್ಥಿ ವೀಸಾದ ಮೇಲೆ ತೆರಳಿದ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕು. ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಇಲ್ಲವೆಂಬ ಷರತ್ತಿದ್ದರೆ, ಮೇಲಿನ ನೆರವುಗಳನ್ನು ಕೋರುವುದು ವೀಸಾಕ್ಕೇ ತೊಡಕಾಗಬಹುದು. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ದೊರೆಯುವ ಶೇ. 25ರ ರಿಯಾಯಿತಿಗೆ ಈ ನಿರ್ಬಂಧವಿಲ್ಲ. ಅದನ್ನು ನಿರಾತಂಕವಾಗಿ ಕೇಳಿ ಪಡೆಯಬಹುದು.