ಹಳೆ ಕಾರು, ಹೊಸ ಕೂಸು

ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾ ಇರಲಿ, ನಾರ್ತ್ ಕೆರೊಲಿನಾದ ಕ್ಯಾರಿ ಇರಲಿ, ವಾಷಿಂಗ್ಟನ್ ಸುತ್ತಿನ ಹರ್ನ್‌ಡನ್ ಇರಲಿ, ಊರಿಗೆ ಹೊರಟವರ ಹಳೆ ಹೋಂಡಾ ಅಥವಾ ಟೊಯೋಟಾ ಹೊಸದಾಗಿ ಬಂದ ಕನ್ನಡ ಕುಟುಂಬದ ಕೈಸೇರುವುದು ಮಾಮೂಲು. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಮಗು ಹುಟ್ಟಿದಾಗ ಮಾತ್ರ ಚಿಂತೆ ಶುರು: ಈ ಕಾರಿಗೆ ಏನೇನು ಸೇರಿಸಬಹುದು?

ಮೊದಲು ಚಾಲಕನ ಬಾಗಿಲು ತೆರೆದು, ಚೌಕಟ್ಟಿನ ಚೀಟಿಯಲ್ಲಿ ಕಾರು ತಯಾರಾದ ತಿಂಗಳು, ವರ್ಷ ನೋಡಿ. 2002ರ ಸೆಪ್ಟೆಂಬರ್ ನಂತರದ್ದಾದರೆ ಹಿಂದಿನ ಸೀಟಿನ ಸಂದಿಯಲ್ಲಿ ಕಾರ್ ಸೀಟ್ ಸಿಕ್ಕಿಸುವ ಕಂಬಿಗಳಿರುತ್ತವೆ. ಅದಕ್ಕೂ ಹಳೆಯದಾದರೆ ಇಲ್ಲದಿರಬಹುದು. ಅವನ್ನು ವೆಲ್ಡಿಂಗ್ ಮಾಡಿಸುವ ಸಾಹಸ ಬೇಡ, ಅದರ ಅಗತ್ಯವೂ ಇಲ್ಲ. ಸೀಟ್‌ಬೆಲ್ಟಿನಿಂದ ಸರಿಯಾಗಿ ಕಟ್ಟಿದ ಕಾರ್ ಸೀಟ್ ಅಷ್ಟೇ ಭದ್ರ.

ಆದರೆ ಬೆಲ್ಟ್ ಲಾಕ್ ಆಗಬೇಕು. 1995ರ ಸೆಪ್ಟೆಂಬರ್‌ನಿಂದ ತಯಾರಾದ ಕಾರುಗಳಲ್ಲಿ ಅದಕ್ಕೆ ವ್ಯವಸ್ಥೆ ಕಡ್ಡಾಯ. ಬಹಳಷ್ಟು ಕಾರುಗಳಲ್ಲಿ ಬೆಲ್ಟನ್ನು ಕೊನೆಯವರೆಗೆ ನಿಧಾನವಾಗಿ ಎಳೆದು ಬಿಟ್ಟರೆ ಕಟಕಟ ಸದ್ದು ಮಾಡುತ್ತಾ ಒಳಗೆ ಹೋಗುತ್ತದೆ. ಲಾಕ್ ಆಗಿದೆ ಎಂದೇ ಅರ್ಥ. ಈಗ ಕಾರ್ ಸೀಟನ್ನು ಬಲವಾಗಿ ಒತ್ತಿಹಿಡಿದು ಬೆಲ್ಟಿನ ಸಡಿಲವನ್ನೆಲ್ಲ ಒಳಕ್ಕೆ ಬಿಡಿ. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಕೂಡದು. ಇನ್ನೂ ಹಳೆಯ ಕಾರಾದರೆ ಬೆಲ್ಟನ್ನು ಬಿಗಿಹಿಡಿಯುವ ಲೋಹದ ಕ್ಲಿಪ್ ಬೇಕಾಗಬಹುದು.

ನಿಜವಾಗಿ ಸೇರಿಸಬಹುದಾದದ್ದೂ ಜನ ಹೆಚ್ಚಾಗಿ ಮರೆಯುವುದೂ ಟೆದರ್ ಕೊಂಡಿ. ಮುಂದಕ್ಕೆ ಮುಖಮಾಡಿದ ಕಾರ್ ಸೀಟಿನ ನೆತ್ತಿಯಿಂದ ಹೊರಡುವ ಪಟ್ಟಿಯನ್ನು ಕಾರಿಗೆ ಸಿಕ್ಕಿಸುವುದು ಇಲ್ಲೇ. ಡಿಕ್ಕಿಯಾದಾಗ ಮಗುವಿನ ತಲೆ ಮುಂದಕ್ಕೆ ನುಗ್ಗುವುದನ್ನು ಇದು ಕಡಿಮೆ ಮಾಡುತ್ತದೆ. ಸೆಡಾನ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿ, ಪುಟ್ಟ ಪ್ಲಾಸ್ಟಿಕ್ ಮುಚ್ಚಳದಡಿ ಇರುತ್ತದೆ. 90ರ ದಶಕದ ಹಲವು ಕಾರುಗಳಲ್ಲಿ ಕೊಂಡಿ ಇರದಿದ್ದರೂ ಬೋಲ್ಟ್ ಕೂರುವ ತೂತು ಇರುತ್ತದೆ. ಡೀಲರ್‌ಗೆ ಕಾರಿನ ಗುರುತಿನ ಸಂಖ್ಯೆ (ವಿಐಎನ್) ಕೊಟ್ಟು ಅದೇ ಕಾರಿನ ಕೊಂಡಿ ಹಾಕಿಸಿ. ಸ್ವಂತ ಡ್ರಿಲ್ ಮುಟ್ಟಬೇಡಿ.

ಹಿಂದಿನ ಸೀಟಿನ ನಡುವಿನ ಜಾಗದಲ್ಲಿ ಭುಜದ ಬೆಲ್ಟ್ ಎಲ್ಲ ಹೊಸ ಕಾರುಗಳಿಗೂ ಬಂದದ್ದು 2007ರ ಹೊತ್ತಿಗೆ. ಸೊಂಟದ ಬೆಲ್ಟ್ ಮಾತ್ರ ಇರುವ ಕಡೆ ದೊಡ್ಡ ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಇಡುವಂತಿಲ್ಲ, ಬೆಲ್ಟ್ ಹೊಟ್ಟೆಗೇ ಒತ್ತುತ್ತದೆ. ಬೂಸ್ಟರ್ ಮಗು ಕಿಟಕಿ ಪಕ್ಕ ಕೂರಲಿ.

ಏರ್‌ಬ್ಯಾಗ್ ವಿಷಯದಲ್ಲಿ ಸೇರಿಸುವುದಕ್ಕಿಂತ ಬದಲಿಸುವ ಕೆಲಸವೇ ಮುಖ್ಯ. ಟಕಾಟಾ ಕಂಪನಿಯ ಏರ್‌ಬ್ಯಾಗಿನ ಇನ್‌ಫ್ಲೇಟರ್ ಬಿಸಿಲು, ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಕೆಡುತ್ತದೆ. ಸಿಡಿದರೆ ಲೋಹದ ಚೂರು ಎರಚುತ್ತದೆ. ಬಿಸಿಲು, ತೇವ ಹೆಚ್ಚಿರುವುದರಿಂದಲೇ ಜಾರ್ಜಿಯಾ, ಸೌತ್ ಕೆರೊಲಿನಾ ಅತಿ ಅಪಾಯದ ವಲಯದಲ್ಲಿವೆ. 2001, 2002ರ ಕೆಲವು ಅಕಾರ್ಡ್, ಸಿವಿಕ್‌ಗಳನ್ನು ರಿಪೇರಿಯಾಗುವವರೆಗೆ ಓಡಿಸಲೇಬೇಡಿ ಎಂದು 2023ರಲ್ಲಿ ಹೋಂಡಾ ಹೇಳಿತು. ವಿಐಎನ್‌ನ 17 ಅಕ್ಷರ-ಅಂಕಿಗಳನ್ನು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ ನೋಡಿ. ಈ ರಿಪೇರಿ ಉಚಿತ. ಮುಂದೆ ಏರ್‌ಬ್ಯಾಗ್ ಚಾಲೂ ಇದ್ದರೆ ಹಿಮ್ಮುಖ ಕಾರ್ ಸೀಟನ್ನು ಅಲ್ಲಿಡುವ ಮಾತೇ ಇಲ್ಲ.

ಹಿಂಬದಿ ಕ್ಯಾಮೆರಾ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2018ರ ಮೇಯಿಂದ. ಹಳೆಯದಕ್ಕೆ ಸ್ಟೀರಿಯೋ ಅಂಗಡಿಯಲ್ಲಿ ಹಾಕಿಸಬಹುದು, ಡ್ರೈವ್‌ವೇಯಲ್ಲಿ ಮಕ್ಕಳು ಆಡುವ ಮನೆಗೆ ಒಳ್ಳೆಯದೇ. ಆದರೂ ನನ್ನ ಲೆಕ್ಕದಲ್ಲಿ ಅದರ ಸರದಿ ಟೆದರ್ ಆದ ಮೇಲೆ. ಹಳೆ ಕಾರುಗಳ ಕೆಲವು ಕಿಟಕಿ ಸ್ವಿಚ್‌ಗಳು ಮಗುವಿನ ಮೊಣಕಾಲು ತಗುಲಿದರೂ ಗಾಜು ಏರಿಸಿಬಿಡುತ್ತವೆ; ಚಾಲಕನ ಬಾಗಿಲಿನ ಲಾಕ್ ಗುಂಡಿ ಒತ್ತಿಡಿ, ಖರ್ಚಿಲ್ಲ.

ಕೊನೆಗೆ, ತರಬೇತಿ ಪಡೆದ ಕಾರ್ ಸೀಟ್ ತಂತ್ರಜ್ಞರಿಗೆ ತೋರಿಸಿ. ಅನೇಕ ಅಗ್ನಿಶಾಮಕ ಠಾಣೆಗಳಲ್ಲಿ ಉಚಿತವಾಗಿ ನೋಡಿಕೊಡುತ್ತಾರೆ, ಆದರೆ ಎಲ್ಲ ಠಾಣೆಗಳಲ್ಲೂ ಅಲ್ಲ. ಮೊದಲೇ ಫೋನ್ ಮಾಡಿ. ಕಾರಿನದೂ ಸೀಟಿನದೂ ಕೈಪಿಡಿ ಒಯ್ಯಿರಿ, ಅವರೆದುರು ನೀವೇ ಬಿಚ್ಚಿ ಕಟ್ಟಿ ನೋಡಿ. ಅಜ್ಜ ಅಜ್ಜಿ ಊರಿಂದ ಬಂದಿದ್ದರೆ ಅವರನ್ನೂ ಕರೆದೊಯ್ಯಿರಿ. ಮಗುವಿಗೆ ಬಕಲ್ ಹಾಕುವ ಕೆಲಸ ಅವರ ಪಾಲಿಗೂ ಬರುತ್ತದೆ.